ಕೌದಿ, ನೀಲಿ ಶಾಲು, ನಮ್ಮವ್ವನ ಸಿಟ್ಟು



ಎರಡು ತಿಂಗಳಿಂದ ಏನೂ ಬರೆದಿಲ್ಲ ಅಂತ ಮೂರು ನಾಲ್ಕು ಮಂದಿ ಫೋನ್ ಮಾಡಿ ಕೇಳಿದಿರಿ. ಆರಾಮಿದ್ದೀನಿ. ಒಬ್ಬ ತಮ್ಮ ಮಾತ್ರ ನೇರವಾಗಿ ಕೇಳಿಬಿಟ್ಟ: "ಅಕ್ಕಾರ, ನೀವು ಚಳವಳಿ ಬಿಟ್ಟು ಕೌದಿ ಹೊಲ್ಯಾಕ ಹತ್ತೀರಂತ, ಖರೇನ?" ಚಳವಳಿ ಬಿಟ್ಟಿಲ್ಲ ತಮ್ಮಾ, ಕೌದಿ ಹೊಲಿಯೋದು ಖರೇ. ಹೋದ ರವಿವಾರ ನನ್ನ ಏಳನೇ ಕೌದಿ ಮುಗೀತು. ಹಿಂದಿನ ಆರರ ಬಗ್ಗೆ ಇಲ್ಲಿ ಯಾರಿಗೂ ಹೇಳಿರಲಿಲ್ಲ. ಯಾಕೆ ಹೇಳಿರಲಿಲ್ಲ ಅನ್ನೋದನ್ನೇ ಇವತ್ತು ಬರೀತೀನಿ. ಸ್ವಲ್ಪ ಉದ್ದ ಐತಿ, ಪುರಸೊತ್ತಿದ್ದಾಗ ಓದ್ರಿ.

ಶುರುವಾದದ್ದು 2022ರಲ್ಲಿ. ಸ್ಮಶಾನ ಜಾಗದ ಅರ್ಜಿ ಹಿಡಿದು ಮೆಟ್ಟಿಲು ಹತ್ತುವಾಗ ಕಾಲು ಜಾರಿ ಮೊಣಕಾಲಿನ ಚಿಪ್ಪು ಒಡೀತು. ಮೂರು ತಿಂಗಳು ಮನೆಯೊಳಗೆ. ಮಗಳು ಕಪಾಟು ಸ್ವಚ್ಛ ಮಾಡ್ತಾ ಒಂದು ಗೋಣಿಚೀಲ ಎಳೆದು ತಂದು ನನ್ನ ಮುಂದೆ ಸುರಿದಳು. ಇಪ್ಪತ್ತೈದು ವರ್ಷದ ನೀಲಿ ಶಾಲುಗಳು, ಜಾಥಾದ ಟೀ ಶರ್ಟುಗಳು, ಧ್ವಜಗಳು, ಫ್ಲೆಕ್ಸ್ ಬರೋಕೆ ಮುಂಚಿನ ಬಟ್ಟೆ ಬ್ಯಾನರುಗಳು. "ಇಟ್ಕೋತೀಯೋ, ಹೊರಗ ಹಾಕ್ಲೋ?" ಅಂದಳು. ಹೊರಗೆ ಹಾಕು ಅನ್ನೋಕೆ ಬಾಯಿ ಬರಲಿಲ್ಲ. ಇಟ್ಟುಕೊಂಡು ಮಾಡೋದಾದರೂ ಏನು? ಆಗ ನೆನಪಾದವಳು ನಮ್ಮ ಆಯಿ, ಅಂದರೆ ಅವ್ವನ ಅವ್ವ. ಯಾವ ಬಟ್ಟೆಯನ್ನೂ ಬಿಸಾಡಿದವಳಲ್ಲ.

ಮೈಸೂರು, ಮಂಗಳೂರು ಕಡೆಯ ಗೆಳೆಯರಿಗೆ ಒಂದು ಮಾತು. ಕೌದಿ ಅಂದರೆ ಹಳೇ ಸೀರೆ, ಧೋತರಗಳನ್ನು ಪದರು ಪದರಾಗಿ ಹಾಸಿ, ಮೇಲೆ ತುಂಡು ಬಟ್ಟೆ ಜೋಡಿಸಿ, ಉದ್ದಕ್ಕೂ ಕೈಹೊಲಿಗೆ ಹಾಕಿದ್ದು. ನಮ್ಮ ಮನೆ ಕೌದಿಯೊಳಗೆ ಅರಳೆ ಇರ್ತಿರಲಿಲ್ಲ, ಬಟ್ಟೆಗೆ ಬಟ್ಟೆಯೇ ಬೆಚ್ಚಗೆ. ಬ್ಯಾಸಗಿಯಾಗ ಹಾಸ್ಗೊಳ್ಳೋದು, ಚಳಿಯಾಗ ಹೊಚ್ಗೊಳ್ಳೋದು.

ನನ್ನ ಮೊದಲನೇ ಕೌದಿ ಕೆಟ್ಟು ಕುಲಗೆಟ್ಟು ಹೋಯ್ತು. ಈಗಿನ ಶಾಲು ಎಲ್ಲಾ ಪಾಲಿಯೆಸ್ಟರ್, ಸೂಜಿಯ ಕೆಳಗೆ ನಿಲ್ಲೋದಿಲ್ಲ, ಹಾವಿನ ಹಂಗ ಜಾರ್ತದೆ. ಟೀ ಶರ್ಟು ಎಳೆದ ಕಡೆ ಉದ್ದ ಆಗ್ತದೆ. ಒಂದು ಸಲ ಒಗೆದದ್ದೇ ತಡ, ಇಡೀ ಕೌದಿ ಹಪ್ಪಳದಂಗೆ ಮುದುಡಿತು. ಬ್ಯಾನರಿನ ಅಕ್ಷರಗಳ ಮೇಲೆ ಎಣ್ಣೆ ಬಣ್ಣ ಕಲ್ಲಾಗಿ ಕೂತಿತ್ತು, ಎರಡು ಸೂಜಿ ಮುರಿದವು. ತಪ್ಪು ಮಾಡಿ ಕಲಿತದ್ದು ಇಷ್ಟು: ಕೆಳಗಿನ ಪದರು ಮೆತ್ತನೆ ಹತ್ತಿ ಸೀರೆಯೇ ಆಗಬೇಕು, ಹತ್ತು ವರ್ಷ ಉಟ್ಟು ಒಗೆದದ್ದಾದರೆ ಇನ್ನೂ ಚಲೋ. ಹೊಸಾ ಬಟ್ಟೆ ಮೊದಲು ನೀರಿಗೆ ಹಾಕಿ ಕುಗ್ಗಿಸಬೇಕು. ಟೀ ಶರ್ಟಿನ ಹಿಂದೆ ಧೋತರದ ತುಂಡು ಕೊಟ್ಟು ಹೊಲಿಯಬೇಕು. ಫ್ಲೆಕ್ಸ್ ಮಾತ್ರ ಯಾವ ಕೌದಿಗೂ ಬರೋದಿಲ್ಲ. ಕಾರ್ಯಕ್ರಮ ಮುಗಿದ ಮರುದಿನ ಅದು ಯಾರದೋ ಸೋರುವ ಮನೆಯ ಮಾಳಿಗೆ ಮೇಲೆ ಹೋಗ್ತದೆ, ಅದೂ ಒಂದು ಉಪಯೋಗವೇ.

ಎರಡನೇದು, ಮೂರನೇದು ನನ್ನ ಹಳೇ ಸೀರೆಗಳದು, ನೋಡುವಂಗ ಬಂದವು. ನಾಲ್ಕನೇದನ್ನ ಮನೆಯವರ ವಿರೋಧ ಕಟ್ಟಿಕೊಂಡು ಮದುವೆಯಾದ ಒಂದು ಜೋಡಿಗೆ ಕೊಟ್ಟೆ. ಅವರಿಗೆ ಆವತ್ತು ಸಿಕ್ಕ ಮನೆ ಸಾಮಾನು ಅಂದರೆ ಅದು ಮತ್ತು ಒಂದು ಕುಕ್ಕರ್.

ಈಗ ಅವ್ವನ ವಿಷಯ. ಅವ್ವಗೆ ಈಗ ಎಪ್ಪತ್ತೈದರ ಮೇಲೆ. ನಾನು ಮಂಚದ ಮೇಲೆ ಕೂತು ತುಂಡು ಜೋಡಿಸೋದನ್ನ ನಾಲ್ಕು ದಿನ ನೋಡಿದಳು. ಐದನೇ ದಿನ ಬಾಗಿಲಲ್ಲೇ ನಿಂತು ಅಂದಳು: "ನಮ್ಮ ಬಾಳೆಲ್ಲಾ ತ್ಯಾಪಿ ಹಚ್ಚೂದ್ರಾಗ ಹೋತು. ನಿಮ್ಮಪ್ಪ ನಿನ್ನ ಬಿ.ಎ. ಓದಿಸಿದ್ದು ನೀ ಮತ್ತ ಹರಕ ಬಟ್ಟಿ ಮುಂದ ಕುಂದರ್ಲಿ ಅಂತೇನ? ನಾವ ಗತಿಯಿಲ್ಲದ ಹೊಲದ್ವಿ. ನೀ ಶೋಕಿಗೆ ಹೊಲೀತಿ."

ನಾನು ಉತ್ತರ ಕೊಡಲಿಲ್ಲ. ಕೊಡೋಕೆ ಇರಲೂ ಇಲ್ಲ. 1996ರಲ್ಲಿ ನನ್ನ ಮೊದಲ ಪಗಾರದಲ್ಲಿ ಅವ್ವಗೆ ಒಂದು ಸೊಲ್ಲಾಪುರ ಚಾದರ ತಂದಿದ್ದೆ. ಆವತ್ತೇ ಮನೆಯ ಕೊನೇ ಕೌದಿಯನ್ನು ಆಡಿನ ಮರಿಗಳ ಕೆಳಗೆ ಹಾಸಿಬಿಟ್ಟಳು. ಚಾದರವನ್ನು ಮಡಚಿ ಟ್ರಂಕಿನ ಮೇಲೆ, ಬಂದವರಿಗೆ ಕಾಣುವ ಹಂಗ ಇಟ್ಟಳು. ನನಗೆ ಅದು ಒಂದು ಚಾದರ. ಅವ್ವಗೆ ಅದು ಊರಿನ ಹರಕು ಬಟ್ಟೆಯಿಂದ ಸಿಕ್ಕ ಬಿಡುಗಡೆ.

ಹರಕು ಬಟ್ಟೆ ಎಲ್ಲಿಂದ ಬರ್ತಿತ್ತು ಅನ್ನೋದನ್ನ ನಾನೂ ಕಣ್ಣಾರೆ ನೋಡಿದೀನಿ. ಒಂಬತ್ತು ವರ್ಷದವಳಿದ್ದಾಗ ಆಯಿಯ ಜೊತೆ ಗೌಡರ ವಾಡೇಕ್ಕೆ ಹೋಗಿದ್ದೆ. ಕಟ್ಟೆ ಮೇಲಿಂದ ಗೌಡಸಾನಿ ಹಳೇ ಸೀರೆಗಳ ಗಂಟು ಕೆಳಗೆ ಬಿಟ್ಟಳು. ಆಯಿ ಸೆರಗೊಡ್ಡಿ ಹಿಡಿದುಕೊಂಡಳು. ತಿಂಗಳುಗಟ್ಟಲೆ ಹೊಲಿಗೆ. ಕೂಲಿ ಅಂದರೆ ಜೋಳ, ಮತ್ತ ಕೌದಿಗೂ ಬಾರದಷ್ಟು ಹರಿದ ಬಟ್ಟೆ. ಮುಗಿದ ಕೌದಿಯನ್ನ ಕಟ್ಟೆಯ ಕಲ್ಲಿನ ಮೇಲೆ ಇಟ್ಟು ನಾವು ಹಿಂದೆ ಸರೀಬೇಕು. ಆಳು ಬಂದು ಅದರ ಮೇಲೆ ನೀರು ಚಿಮುಕಿಸಿ ಒಳಗೆ ಒಯ್ತಿದ್ದ. ಆಯಿಯ ಬೆರಳು ಮುಟ್ಟದ ಒಂದು ಗೇಣು ಜಾಗ ಆ ಕೌದಿಯಲ್ಲಿ ಇರಲಿಲ್ಲ. ನಾಲ್ಕು ಹನಿ ನೀರಿಗೆ ಮೈಲಿಗೆ ಹೋಗಿಬಿಡ್ತಿತ್ತು!

ಹಾಗಾಗಿ ಅವ್ವನ ಸಿಟ್ಟು ನನಗೆ ಅರ್ಥ ಆಗ್ತದೆ. ಐದು, ಆರನೇ ಕೌದಿಗಳನ್ನ ಅವ್ವ ಮಲಗಿದ ಮೇಲೆ ಹೊಲಿದೆ. ಐವತ್ತು ದಾಟಿದ ಹೆಂಗಸು, ಮೈಕು ಹಿಡಿದು ತಾಸುಗಟ್ಟಲೆ ಮಾತಾಡುವವಳು, ಕಳ್ಳಿಯ ಹಂಗ ರಾತ್ರಿ ಸೂಜಿ ದಾರ ಹಿಡೀತಿದ್ದೆ. ಸಂಗಾತಿಗಳಿಗೂ ಹೇಳಲಿಲ್ಲ. ಅವ್ವ ಹೇಳಿದ್ದನ್ನೇ ಅವರೂ ಹೇಳಿದರೆ ಏನು ಮಾಡೋದು ಅನ್ನೋ ಅಂಜಿಕೆ.

ಆ ದಿನಗಳಲ್ಲೇ ಒಂದು ಅಧ್ಯಯನ ಶಿಬಿರಕ್ಕೆ ಮಹಾಡದ ಬಗ್ಗೆ ಟಿಪ್ಪಣಿ ಮಾಡಿಕೊಳ್ತಿದ್ದೆ. ಮನುಸ್ಮೃತಿಯ ಹತ್ತನೇ ಅಧ್ಯಾಯದಲ್ಲಿ ಚಂಡಾಲರು ಏನು ಉಡಬೇಕು ಅಂತಲೂ ಬರೆದಿದೆ: ಸತ್ತವರ ಬಟ್ಟೆ. ಊಟಕ್ಕೆ ಒಡೆದ ಮಡಿಕೆ, ಒಡವೆ ಅಂದರೆ ಕಬ್ಬಿಣದ್ದು. 1927ರ ಡಿಸೆಂಬರ್ 25ರಂದು ಬಾಬಾಸಾಹೇಬರು ಮಹಾಡದಲ್ಲಿ ಸುಟ್ಟದ್ದು ಇದೇ ಪುಸ್ತಕವನ್ನ. ಅದೇ ಪರಿಷತ್ತಿನ ಹೊತ್ತಿಗೆ ಹೆಣ್ಮಕ್ಕಳಿಗೆ ಅಂತಲೇ ಬ್ಯಾರೆ ಮಾತಾಡಿದರು. ಸವರ್ಣ ಹೆಣ್ಮಕ್ಕಳು ಉಡುವಂಗೆ ಸೀರೆ ಉಡ್ರಿ, ಜಾತಿ ತೋರಿಸುವ ಒಡವೆ ಕಿತ್ತು ಹಾಕ್ರಿ ಅಂದರು. ಈ ಮಾತು ನಾವೆಲ್ಲ ಭಾಷಣದಲ್ಲಿ ಹೇಳ್ತೀವಿ. ಅದೇ ಮಾತಿನ ಜೊತೆ ಇನ್ನೊಂದು ಇದೆ, ನಾನು ಎಷ್ಟೋ ವರ್ಷ ಅದರ ಮೇಲೆ ಕಣ್ಣಾಡಿಸಿ ಮುಂದೆ ಹೋಗಿದ್ದೆ. ಬಟ್ಟೆ ತುಂಬಾ ತೇಪೆ ಇದ್ದರೂ ಚಿಂತೆಯಿಲ್ಲ, ಸ್ವಚ್ಛ ಇರಲಿ ಅಂದಿದ್ದರು. ತೇಪೆಯನ್ನು ಅವರು ಅವಮಾನ ಅಂತ ಎಣಿಸಲಿಲ್ಲ. ಯಾರೋ ಇದನ್ನೇ ಉಡು ಅಂತ ಹಾಕಿದ ಗುರುತನ್ನು ಅವಮಾನ ಅಂದರು. ಎರಡೂ ಬ್ಯಾರೆ ಬ್ಯಾರೆ ಅನ್ನೋದು ನನಗೆ ಸೂಜಿ ಹಿಡಿದ ಮೇಲೆ ತಿಳೀತು.

ಸತ್ತವರ ಬಟ್ಟೆ ಅಂದೆನಲ್ಲ, ಅದಕ್ಕೊಂದು ಬ್ಯಾರೇ ಕಥೆ ಹೇಳ್ತೀನಿ. ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಗೀಸ್ ಬೆಂಡ್ ಅಂತ ಊರು. ಮೂರು ಕಡೆ ನದಿ ಸುತ್ತಿದ ಜಾಗ, ಗುಲಾಮರಾಗಿ ಹತ್ತಿ ಬೆಳೆದವರ ಮಕ್ಕಳು ಮೊಮ್ಮಕ್ಕಳು ಅಲ್ಲಿ ಇದ್ದಾರೆ. ಹರಿದ ಪ್ಯಾಂಟು, ಹಿಟ್ಟಿನ ಚೀಲ ಸೇರಿಸಿ ಹೆಣ್ಮಕ್ಕಳು ಹೊದಿಕೆ ಹೊಲಿತಿದ್ದರು, ಥೇಟ್ ನಮ್ಮ ಕೌದಿಯೇ. ಅವರಲ್ಲಿ ಮಿಸ್ಸೂರಿ ಪೆಟ್ವೇ ಅನ್ನೋ ತಾಯಿ 1942ರಲ್ಲಿ ಗಂಡ ತೀರಿಕೊಂಡ ಮೇಲೆ ಅವನು ಹೊಲದಲ್ಲಿ ಹಾಕ್ತಿದ್ದ ಬಟ್ಟೆಗಳನ್ನ ಕತ್ತರಿಸಿ ಒಂದು ಹೊದಿಕೆ ಹೊಲಿದುಕೊಂಡಳು, ಅವನ ನೆನಪಿಗೆ, ಅದರ ಕೆಳಗೆ ಮಲಗೋಕೆ. ಸತ್ತವರ ಬಟ್ಟೆ ಉಡು ಅಂತ ಮನು ಹೇಳಿದ್ದಕ್ಕೂ, ಸತ್ತವನ ಬಟ್ಟೆಯನ್ನ ಅವಳು ತಾನಾಗಿ ಎದೆಗೆ ಹಚ್ಚಿಕೊಂಡದ್ದಕ್ಕೂ ಎಷ್ಟು ದೂರ ನೋಡ್ರಿ.

ಆ ಊರಿನವರು 1960ರ ದಶಕದಲ್ಲಿ ಮತದಾರರ ಪಟ್ಟಿಗೆ ಹೆಸರು ಹಚ್ಚೋಕೆ ನದಿ ದಾಟಿ ಹೋಗೋಕೆ ಶುರುಮಾಡಿದಾಗ ಆಳುವ ಬಿಳಿಯರು ದೋಣಿಯನ್ನೇ ನಿಲ್ಲಿಸಿದರು. ಮತ್ತೆ ದೋಣಿ ಬಂದದ್ದು 2006ರಲ್ಲಿ. ನಮ್ಮಲ್ಲಿ ಕೆರೆ, ಅವರಲ್ಲಿ ನದಿ! 1966ರಲ್ಲಿ ಆ ಭಾಗದ ಹೆಣ್ಮಕ್ಕಳು ಸೇರಿ ಫ್ರೀಡಂ ಕ್ವಿಲ್ಟಿಂಗ್ ಬೀ ಅಂತ ಸಹಕಾರ ಸಂಘ ಕಟ್ಟಿ, ಹೊಲಿದದ್ದನ್ನ ಮಾರಿ ತಮ್ಮ ಕಾಲ ಮೇಲೆ ನಿಂತರು. 2002ರಲ್ಲಿ ಗೀಸ್ ಬೆಂಡಿನ ಹೊದಿಕೆಗಳು ನ್ಯೂಯಾರ್ಕಿನ ಮ್ಯೂಸಿಯಂ ಗೋಡೆ ಹತ್ತಿದವು.

ನಮ್ಮಲ್ಲೂ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಅಕ್ಕಂದಿರ ಕೌದಿ ಹೊರದೇಶದವರೆಗೂ ಹೋಗಿವೆ. ಅವರು ಅಂಚಿನಿಂದ ಶುರುಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರ್ತಾರೆ. ನಾಲ್ಕೂ ಮೂಲೆಗೆ ಮಡಚಿದ ಬಟ್ಟೆಯ ಪುಟ್ಟ ಹೂ ಹಚ್ಚದಿದ್ದರೆ ಅದು ಪೂರಾ ಆದಂಗಲ್ಲ. ನನ್ನ ಏಳನೇದಕ್ಕೆ ಇದನ್ನ ಅವರಿಂದಲೇ ಕಡ ತಂದೆ.

ಹೋದ ವರ್ಷ ದೊಡ್ಡ ಊರಿನ ಒಂದು ಪ್ರದರ್ಶನದಲ್ಲಿ ಕೌದಿಗೆ ಎಂಟು ಸಾವಿರ ರೂಪಾಯಿ ಚೀಟಿ ಹಚ್ಚಿದ್ದು ನೋಡಿದೆ. 'ಅಜ್ಜಿಯ ಪ್ರೀತಿ, ಹಳ್ಳಿಯ ಸೊಗಡು' ಅಂತ ಬೋರ್ಡು. ಯಾವ ಅಜ್ಜಿ, ಯಾವ ಕೇರಿಯವಳು, ಅವಳಿಗೆ ಎಷ್ಟು ಸಿಕ್ಕಿತು ಅಂತ ಕೇಳಿದೆ. ಆ ಹುಡುಗಿ ಪಾಪ ನನ್ನ ಮುಖ ನೋಡಿದಳು. ನೀರು ಚಿಮುಕಿಸಿ ಒಳಗೆ ಒಯ್ಯೋದು ಇನ್ನೂ ನಿಂತಿಲ್ಲ ಅನ್ನಿಸ್ತು. ನನ್ನ ಕೌದಿ ಮಾರೋದಿಲ್ಲ ಅಂತ ಆವತ್ತೇ ನಿರ್ಧಾರ ಮಾಡಿದೆ. ಹೊಟ್ಟೆಪಾಡಿಗೆ ಮಾರುವ ಅಕ್ಕಂದಿರ ಬಗ್ಗೆ ನನ್ನ ತಕರಾರಿಲ್ಲ, ಅವರಿಗೆ ಪೂರಾ ರೊಕ್ಕ ಸಿಗಲಿ.

ಏಳನೇದು ಬ್ಯಾನರ್ ಕೌದಿ. ಬಣ್ಣದ ಅಕ್ಷರಗಳನ್ನ ಬಿಸಿನೀರಲ್ಲಿ ನೆನೆಸಿ ತಿಕ್ಕಿ ಮೆತ್ತಗೆ ಮಾಡಿ ತುಂಡು ಮಾಡಿದೆ. ಜೋಡಿಸುವಾಗ ಗಮನಿಸಿದ್ದು, 'ನ್ಯಾಯ' ಅನ್ನೋದು ಎಲ್ಲಾ ಬ್ಯಾನರಿನಲ್ಲೂ ಹರಿದು ಹೋಗಿತ್ತು. 'ಬೇಕು' ಮಾತ್ರ ಒಂಬತ್ತು ಕಡೆ ಗಟ್ಟಿಯಾಗಿ ಉಳಿದಿತ್ತು. ಒಂಬತ್ತನ್ನೂ ಹಚ್ಚಿದೀನಿ. ಕಂಬಾಲಪಲ್ಲಿ ಹತ್ಯಾಕಾಂಡದ ವಿರುದ್ಧ 2000ದಲ್ಲಿ ಹಿಡಿದಿದ್ದ ಕರೀ ಬಟ್ಟೆಯ ಒಂದು ಗೇಣು ನಡುವಿನಲ್ಲಿದೆ. ಅದನ್ನ ಕತ್ತರಿಸುವಾಗ ಕೈ ನಡುಗಿತು. ಏಳು ಜನರನ್ನ ಜೀವಂತ ಸುಟ್ಟಿದ್ದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. ಆ ತುಂಡಿನ ಮೇಲೆ ಬಣ್ಣದ ದಾರ ಹಾಕಲಿಲ್ಲ, ಕರೀ ದಾರವೇ ಹಾಕಿದೆ.

ಎಂಟನೇದು ಈಗ ನಡೀತಿದೆ, ಸಣ್ಣದು. ಮಗಳಿಗೆ ಈಗ ಏಳನೇ ತಿಂಗಳು, ನಾನು ಆಯಿ ಆಗ್ತೀನಿ. ಕೂಸಿನ ಕೌದಿಗೆ ನೀಲಿ ಧ್ವಜದ ಬಟ್ಟೆ ಹಚ್ಚಬೇಕೋ ಬ್ಯಾಡವೋ ಅಂತ ಒಂದು ವಾರ ಒದ್ದಾಡಿದೆ. ಚಕ್ರ ಇರೋ ಧ್ವಜ ಮುಟ್ಟೋದಿಲ್ಲ, ಅದು ಬ್ಯಾರೆ ಮಾತು. ಬರೀ ನೀಲಿ ಇದ್ದರೂ ಅದರ ಮೇಲೆ ಕೂಸು ಉಚ್ಚಿ ಹೊಯ್ದರೆ? ಕೇಳೋಕೆ ಬ್ಯಾರೆ ಯಾರೂ ಇರಲಿಲ್ಲ, ಅಂಜಿಕೋತನೇ ಅವ್ವನ್ನ ಕೇಳಿದೆ.

ಅವ್ವ ಮೊದಲು ಸುಮ್ಮನಿದ್ದಳು. ಆಮೇಲೆ ತುಟಿ ಒಂದು ಕಡೆ ಎಳೆದು ನಕ್ಕಳು.

"ನಾ ಐದ ವರ್ಷದಾಕಿ ಇರಬೇಕು. ಮಾಗಿ ಚಳಿ. ನಮಗ ಹೊಚ್ಚಾಕ ಗೋಣಿಚೀಲ ಒಂದ. ನಮ್ಮವ್ವ ವಾಡೇದ ಕೌದಿ ಅರ್ಧ ಹೊಲಿದಿದ್ಲು. ನಾ ಗಡಗಡ ನಡಗೂದ್ ನೋಡಿ ಅದನ್ನ ಹೊಚ್ಚಿದ್ಲು. ಜೀವನದಾಗ ಮೊದಲನೇ ಸಲ ಬೆಚ್ಚಗ ನಿದ್ದಿ ಬಂತು ನೋಡು, ಬೆಳಗಾಗೂದ್ರಾಗ ಪೂರಾ ಉಚ್ಚಿ ಹೊಯ್ದಿದ್ದೆ."

"ಆಮ್ಯಾಲ?"

"ಆಮ್ಯಾಲ ಏನ? ನಮ್ಮವ್ವ ಅಳಕೋತ ಒಗದ್ಲು. ಒಣಗಲಿಲ್ಲ. ಒಲೀ ಮುಂದ ಹಿಡಕೊಂಡ ಕುಂತ್ಲು. ಎಂಟ ದಿನ ಬಿಟ್ಟು ಮುಗಿಸಿ ಕೊಟ್ಟ ಬಂದ್ಲು. ಆಳ ಮಗ ನೀರ ಚಿಮುಕಿಸಿ ಒಯ್ದ. ಗೌಡ ಅದನ್ನ ಹೊಚ್ಗೊಂಡು ಹತ್ತ ವರ್ಷ ಮಲಗ್ಯಾನ!"

ಹೇಳಿ ಮುಗಿಸೋದ್ರೊಳಗ ಅವ್ವಗೆ ನಗು ಹತ್ತಿ, ನಗು ಕೆಮ್ಮಾಗಿ, ನಾನು ಬೆನ್ನು ತಟ್ಟಬೇಕಾಯ್ತು. ಎಪ್ಪತ್ತು ವರ್ಷ ಈ ಮಾತನ್ನ ಹೊಟ್ಟೆಯೊಳಗೆ ಇಟ್ಟುಕೊಂಡಿದ್ದಳು. ಅಪ್ಪಗೂ ಹೇಳಿರಲಿಲ್ಲವಂತೆ. ಕಣ್ಣು ಒರೆಸಿಕೊಂಡು ಅಂದಳು: "ನೀಲಿ ಹಚ್ಚು. ಹೊಯ್ದ್ರ ಒಗದ್ರಾತು."

ಸೂಜಿ ಮುಟ್ಟಲಿಲ್ಲ ಮತ್ತ. ಅಷ್ಟು ಸಲೀಸಾಗಿ ಬದಲಾಗುವ ಹೆಂಗಸಲ್ಲ. ಆದರೆ ನನ್ನ ಹೊಲಿಗೆ ನೋಡಿ, "ಕುರ್ಚಿ ಮ್ಯಾಲ ಕುಂತ್ರ ಹೊಲಿಗಿ ಹಿಂಗ ಡೊಂಕ ಬರತಾವ" ಅಂತ ಬೈದಳು. ನನ್ನ ಮೊಣಕಾಲು ನೆಲಕ್ಕೆ ಮಡಚೋದಿಲ್ಲ, ಏನು ಮಾಡಲಿ. ಡೊಂಕೇ ಇರಲಿ.

ಅಪ್ಪನ ಎರಡು ಖಾಕಿ ಅಂಗಿ ಅವ್ವನ ಟ್ರಂಕಿನಲ್ಲಿವೆ. ಮುನ್ಸಿಪಾಲಿಟಿ ಕೆಲಸದ್ದು, ಕಾಲರಿನ ಹತ್ತಿರ ಅವ್ವನೇ ಹಚ್ಚಿದ ತ್ಯಾಪಿ ಇದೆ. ಒಂಬತ್ತನೇ ಕೌದಿ ಅದರದ್ದಾಗಬೇಕು ಅಂತ ನನ್ನ ಆಸೆ. ಅವ್ವನ್ನ ಇನ್ನೂ ಕೇಳಿಲ್ಲ. ಮೊನ್ನೆ ಟ್ರಂಕು ತೆರೆದು ಏನೋ ಹುಡುಕ್ತಿದ್ದಳು. ನಾನು ಒಳಗೆ ಹೋದ ತಕ್ಷಣ ಮುಚ್ಚಿದಳು.

ಇನ್ನ, ನಿಮ್ಮಲ್ಲಿ ಯಾರ ಹತ್ತಿರಾದರೂ ಹಳೇ ಬಟ್ಟೆ ಬ್ಯಾನರು, ಹತ್ತಿ ಶಾಲು ಇದ್ದರೆ ಏಪ್ರಿಲ್ 14ರ ಕಾರ್ಯಕ್ರಮಕ್ಕೆ ಬರುವಾಗ ತನ್ನಿ. ಯಾವ ಹೋರಾಟದ್ದು, ಯಾವ ವರ್ಷದ್ದು ಅಂತ ಒಂದು ಚೀಟಿಯಲ್ಲಿ ಬರೆದು ಒಳಗೆ ಇಡ್ರಿ. ಒಗೆದು ತರ್ರಿ, ದಯವಿಟ್ಟು. ಪಾಲಿಯೆಸ್ಟರ್ ಬ್ಯಾಡ.