ಇಷಾಪುರದ ಗೋಡೆಯ ಪಕ್ಕ

ಸಿಯಾಲ್ದಾದಲ್ಲಿ ಲೋಕಲ್ ರೈಲು ಹತ್ತಿದರೆ ಬ್ಯಾರಕ್‌ಪುರ, ಪಲ್ತಾ ದಾಟಿ ಇಚ್ಛಾಪುರ. ಹೂಗ್ಲಿ ದಂಡೆಯ ಈ ಊರು ಹೊರಗಿನವರಿಗೆ ‘ಇಷಾಪುರ’ವೆಂದೇ ಪರಿಚಿತ. 1904ರಲ್ಲಿ ಸ್ಥಾಪನೆಯಾದ ರೈಫಲ್ ಕಾರ್ಖಾನೆ ಇರುವುದು ಇಲ್ಲೇ. ಒಳಗೆ ಬಿಡುವುದಿಲ್ಲ; ಉದ್ದನೆಯ ಗೋಡೆ ನೋಡಿ ತೃಪ್ತಿಪಡಬೇಕು. ನನಗಷ್ಟೇ ಸಾಕಿತ್ತು. ಎನ್‌ಸಿಸಿಯಲ್ಲಿ ನಾನು ಹೊತ್ತ .303 ರೈಫಲ್ ಹುಟ್ಟಿದ್ದು ಈ ಗೋಡೆಯಾಚೆ.

ಆ ರೈಫಲ್ಲಿನ ಮರದ ಬಟ್ಟು ಬೇರೆಯೇ ತುಂಡು. ಒಳಗಿನಿಂದ ಉದ್ದನೆಯ ಬೋಲ್ಟು ಹಾಕಿ ಬಿಗಿದಿರುತ್ತಾರೆ. ಸೀಳಿದರೆ ಅದೊಂದನ್ನೇ ಬದಲಿಸಬಹುದು. ಆದರೆ ಅಳತೆ ನಾಲ್ಕು: ಮಾಮೂಲಿನದು, ಅದಕ್ಕಿಂತ ಅರ್ಧ ಇಂಚು ಉದ್ದದ್ದು, ಅರ್ಧ ಇಂಚು ಗಿಡ್ಡದ್ದು, ಪೂರಾ ಒಂದಿಂಚು ಗಿಡ್ಡದಾದ ‘ಬ್ಯಾಂಟಮ್’. ಉದ್ದದ್ದಕ್ಕೆ ‘ಎಲ್’, ಗಿಡ್ಡದ್ದಕ್ಕೆ ‘ಎಸ್’ ಎಂದು ಮರದ ಮೇಲೆ ಒತ್ತಿರುತ್ತಾರೆ.

ಐದಡಿಯ ನನಗೆ ಸಿಕ್ಕಿದ್ದು ‘ಎಲ್’! ಭುಜ ನೀಲಿಗಟ್ಟಿತು, ಐದು ಗುಂಡಿನಲ್ಲಿ ಒಂದೂ ಹಲಗೆಗೆ ತಾಗಲಿಲ್ಲ. ಶಿಬಿರದಿಂದ ಮನೆಗೆ ಕಳಿಸುವ ಮಾತೂ ಬಂತು. ವಯಸ್ಸಾದ ಹವಾಲ್ದಾರರೊಬ್ಬರು ನನ್ನ ಮೊಣಕೈ ಮಡಚಿಸಿ, ಮಡಿಕೆಗೆ ಬಟ್ಟು ಒತ್ತಿ, ಬೆರಳು ಟ್ರಿಗರ್ ಮುಟ್ಟುತ್ತದೆಯೇ ಎಂದು ನೋಡಿದರು. ಮುಟ್ಟಲಿಲ್ಲ. “ಹುಡುಗನ ತಪ್ಪಲ್ಲ ಸಾರ್, ಬಟ್ಟಿನದು” ಎಂದು ‘ಎಸ್’ ಗುರುತಿನ ರೈಫಲ್ ತರಿಸಿದರು. ಈ ಬಾರಿ ಮೂರು ತಾಗಿದವು.

ಗೋಡೆಯ ಪಕ್ಕ ನಿಂತು ಇದನ್ನೆಲ್ಲ ಹೇಳಿದರೆ ಮಗಳು ಕೇಳಿದ್ದು ಒಂದೇ: “ಉಳಿದೆರಡು ಎಲ್ಲಿ ಹೋದವಪ್ಪಾ?” ಅಷ್ಟರಲ್ಲಿ, ಪುಣ್ಯಕ್ಕೆ, ರೈಲಿನ ಹೊತ್ತಾಗಿತ್ತು.