ಕಿಲೋಮೀಟರಿನ ಲೆಕ್ಕ

ಪ್ರಯೋಗದ ತರಗತಿಯಲ್ಲಿ ನಾನು ಮಕ್ಕಳಿಗೆ ಮೊದಲು ಹೇಳುವ ಮಾತು ಒಂದೇ: ಅಳೆದದ್ದನ್ನು ಅಳೆದ ಹೊತ್ತಿಗೇ ಬರೆಯಿರಿ. ಉತ್ತರ ನೋಡಿಕೊಂಡು ಬರೆದದ್ದು ಅಳತೆಯಲ್ಲ. ಈ ಮಾತು ಆದಾಯ ತೆರಿಗೆಗೂ ಸಲ್ಲುತ್ತದೆ.

ಬಾರ್ಕೂರಿನಲ್ಲಿ ಅಂಗಡಿ ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ. ಬ್ರಹ್ಮಾವರ, ಕುಂದಾಪುರದ ಕಡೆ ವ್ಯಾಪಾರಕ್ಕೆ ಓಡಾಡುವ ಅವನ ಕಾರು ಮದುವೆಗೂ ಹೋಗುತ್ತದೆ, ಕೊಲ್ಲೂರಿಗೂ ಹೋಗುತ್ತದೆ. ಒಂದು ಮಾರ್ಚ್ ಕೊನೆಯಲ್ಲಿ ಅವನ ಮನೆಗೆ ಹೋದಾಗ ಒಂಬತ್ತನೆಯ ತರಗತಿಯ ಮಗಳು ಜಗಲಿಯಲ್ಲಿ ಕುಳಿತು, ಹೊಸ ಪುಸ್ತಕದಲ್ಲಿ ಇಡೀ ವರ್ಷದ ಓಡಾಟವನ್ನು ಬರೆಯುತ್ತಿದ್ದಳು. ಸಂಖ್ಯೆಗಳೆಲ್ಲ ಸೊನ್ನೆಯಲ್ಲೋ ಐದರಲ್ಲೋ ಮುಗಿದಿದ್ದವು. ಕೊಲ್ಲೂರಿನ ಯಾತ್ರೆ ‘ವಸೂಲಿ’ ಆಗಿತ್ತು. “ಅಪ್ಪಯ್ಯ ಬರಿ ಅಂದ್ರು ಸಾರ್” ಎಂದು ತಲೆ ತಗ್ಗಿಸಿದಳು.

ಅವಳ ಅಪ್ಪ ನಕ್ಕ: “ಮಾಷ್ಟ್ರೆ, ಕಾರೂ ನಂದೆ, ಪೆಟ್ರೋಲೂ ನಂದೆ. ಇದ್ಕೂ ಲೆಕ್ಕ ಬರಿಯೂಕಿತ್ತಾ?”

ಇದೆ. ಕಾರು ಪೂರ್ತಿ ವ್ಯಾಪಾರಕ್ಕೇ ಬಳಕೆಯಾಗದಿದ್ದರೆ, ಖರ್ಚಿನ ನ್ಯಾಯವಾದ ಪಾಲನ್ನು ಮಾತ್ರ ಆದಾಯದಿಂದ ಕಳೆಯಬಹುದೆಂದು 1961ರ ಕಾಯ್ದೆಯ 38ನೇ ಸೆಕ್ಷನ್ ಹೇಳಿತು. (ವಹಿವಾಟಿನ ಶೇಕಡಾ 8 ಅಥವಾ 6ನ್ನು ಲಾಭವೆಂದು ಘೋಷಿಸುವ ಸಣ್ಣ ವ್ಯಾಪಾರಿಗೆ ಇದು ಬೇರೆಯಾಗಿ ಸಿಗದು.)

ಮೂವರೂ ಕುಳಿತೆವು. ಗ್ಯಾರೇಜಿನ ಬಿಲ್ಲುಗಳಲ್ಲಿ ಮೀಟರಿನ ಅಂಕಿ ಇತ್ತು; ಅಂಗಡಿಯ ಬಿಲ್ ಪುಸ್ತಕದಲ್ಲಿ ಹೋದ ಊರುಗಳಿದ್ದವು. ವರ್ಷದ ಓಟ 12,000 ಕಿ.ಮೀ., ವ್ಯಾಪಾರದ್ದು 9,000. ಅಂದರೆ ಮುಕ್ಕಾಲು ಪಾಲು. ಪೆಟ್ರೋಲು, ವಿಮೆ, ರಿಪೇರಿಗೆ 80,000 ರೂಪಾಯಿ. ಕಾರಿನ ಉಳಿದ ಮೌಲ್ಯ 4 ಲಕ್ಷಕ್ಕೆ ಶೇಕಡಾ 15ರಂತೆ ಸವಕಳಿ 60,000. ಒಟ್ಟು 1,40,000ದಲ್ಲಿ ಮುಕ್ಕಾಲು 1,05,000. ಇಷ್ಟು ಕಡಿಮೆಯಾಗುವುದು ಆದಾಯದಲ್ಲಿ, ತೆರಿಗೆಯಲ್ಲಲ್ಲ. ಶೇಕಡಾ 20ರ ಹಂತದಲ್ಲಿರುವ ಅವನಿಗೆ ಉಳಿದದ್ದು 21,000. ಸುಳ್ಳು ಬರೆದಿದ್ದರೆ 28,000.

“ಹಾಗಾದರೆ ನನ್ನ ಸುಳ್ಳಿನ ಬೆಲೆ ಏಳು ಸಾವಿರವಾ ಸಾರ್?” ಎಂದಳು ಹುಡುಗಿ. ಅಪ್ಪ ಮಾತಾಡಲಿಲ್ಲ, ಹೊಸ ಪುಸ್ತಕದ ಬರೆದ ಹಾಳೆಗಳನ್ನು ತಾನೇ ಹರಿದ.

ಪಾಲಕರೇ, ಸಿಗಬೇಕಾದ ವಿನಾಯಿತಿಯನ್ನು ಬಿಡಬೇಡಿ. ಅದು ನಿಮ್ಮ ಹಕ್ಕು. ಕಾರಿನಲ್ಲೊಂದು ಪುಸ್ತಕವಿಡಿ. ದಿನಾಂಕ, ಊರು, ಕೆಲಸ, ಮೀಟರಿನ ಅಂಕಿ — ನಾಲ್ಕೇ ಕಾಲಮು. ಅಂದಂದೇ ಬರೆಯಿರಿ. ಮಕ್ಕಳ ಕೈಯಲ್ಲಿ ಬರೆಸಿದರೂ ಸರಿ, ನಿಜವನ್ನೇ ಬರೆಸಿ.