ಊರ ಕಲ್ಲು 6: ಅಜ್ಜಿ ಬಟ್ಟೆ ಒಗೀತಿದ್ದ ಕಲ್ಲು

ಈ ಪೋಸ್ಟಿಗೆ ಲೊಕೇಶನ್ ಹಾಕಿಲ್ಲ, ಗಮನಿಸಿದ್ರಾ? ಹಾನಗಲ್ ತಾರಕೇಶ್ವರ ಗುಡಿಗೆ ಹಾಕಿದ್ದೆ, ಬಂಕಾಪುರದ ಅರವತ್ತು ಕಂಬದ ಗುಡಿಗೂ ಹಾಕಿದ್ದೆ. ಇದಕ್ಕೆ ಮಾತ್ರ ಬೇಕಂತಲೇ ಬಿಟ್ಟೀನಿ. ಯಾಕಂತ ಹೇಳ್ತೀನಿ. ಸ್ವಲ್ಪ ಉದ್ದ ಐತಿ, ಸಂಜೆ ಬಸ್ಸಿನಲ್ಲಿ ಸೀಟು ಸಿಕ್ಕಾಗ ಓದ್ರಿ.

ಮೊದಲನೇ ಫೋಟೋ ನಮ್ಮ ಅಜ್ಜಿ ಮನೆ ಹಿತ್ತಲು. ಹಿರೇಕೆರೂರು ತಾಲ್ಲೂಕಿನ ಒಂದು ಹಳ್ಳಿ, ಅಷ್ಟು ಸಾಕು. ಬಾವಿ ಪಕ್ಕದಲ್ಲಿದ್ದ ಉದ್ದನೆ ಕಲ್ಲಿನ ಮೇಲೆ ಅಜ್ಜಿ ಮದುವೆಯಾಗಿ ಬಂದಾಗಿನಿಂದ ಬಟ್ಟೆ ಒಗೀತಿದ್ಲು. ಅವಳ ಅತ್ತೆನೂ ಅಲ್ಲೇ ಒಗೀತಿದ್ಲಂತೆ. ಹೋದ ದೀಪಾವಳಿ ರಜೆಯಲ್ಲಿ ಕಾಕಾ ಹೊಸ ಬಚ್ಚಲ ಕಟ್ಟಿಸೋಕೆ ಅಂತ ಅದನ್ನ ಎಬ್ಬಿಸಿದ. ನಾಲ್ಕು ಮಂದಿ ಹಾರೆ ಹಾಕಿ ಮಗುಚಿದ್ರು. ಕೆಳಗಿನ ಮೈಗೆಲ್ಲ ಮಣ್ಣು ಮೆತ್ತಿತ್ತು, ಎರೆಹುಳ ಹರಿದಾಡ್ತಿದ್ವು. ನಾನು ಒಂದು ಕೊಡ ನೀರು ಹುಯ್ದೆ. ಕುದುರೆ ಕಾಲು ಕಾಣಿಸ್ತು.

ಎರಡನೇ ಫೋಟೋ ಅದೇ. ವೀರಗಲ್ಲು. ಇದನ್ನ ಕೆಳಗಿನಿಂದ ಮೇಲಕ್ಕೆ ಓದಬೇಕು. ತಳದಲ್ಲಿ ಕಾಳಗ: ಕತ್ತಿ, ಗುರಾಣಿ, ಕುದುರೆ, ಕುದುರೆ ಹೊಟ್ಟೆ ಕೆಳಗೆ ಬಿದ್ದಿರೋ ಒಬ್ಬ. ನಡುವೆ ಅಪ್ಸರೆಯರು ಸತ್ತ ವೀರನ ರಟ್ಟೆ ಹಿಡಿದು ಮೇಲಕ್ಕೆ ಕರ್ಕೊಂಡು ಹೋಗ್ತಿದ್ದಾರೆ. ಮೇಲೆ ಅವನು ಲಿಂಗದ ಮುಂದೆ ಕೈ ಮುಗಿದು ಕೂತಿದ್ದಾನೆ. ತುದಿಗೆ ಸೂರ್ಯ, ಚಂದ್ರ. ಅವೆರಡು ಇರೋತನಕ ನಿನ್ನ ಹೆಸರಿರಲಿ ಅನ್ನೋ ಲೆಕ್ಕ. ಆದ್ರೆ ಹೆಸರು ಬರೀಬೇಕಾದ ಪಟ್ಟಿಗಳು ನಮ್ಮ ಕಲ್ಲಿನಲ್ಲಿ ಖಾಲಿ. ಒಂದಕ್ಷರ ಇಲ್ಲ.

ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಯವ್ವಾ, ಇಷ್ಟ್ ವರ್ಷ ಯಾರ ಬೆನ್ನ ಮ್ಯಾಲೆ ಬಟ್ಟಿ ಬಡದೀನಿ ನಾನು?" ಅಂದ್ಲು.

ನಾನೇನು ಮಾಡಿದೆ? ಫೋಟೋ ತೆಗೆದು ಸ್ಟೋರಿ ಹಾಕಿದೆ. ಊರ ಹೆಸರು, ಲೊಕೇಶನ್, ಎಲ್ಲ. ನಿಮ್ಮಲ್ಲಿ ಎಷ್ಟೋ ಮಂದಿ ನೋಡಿ ಬೆಂಕಿ ಎಮೋಜಿ ಕಳಿಸಿದ್ರಿ.

ಎರಡು ದಿನಕ್ಕೆ ಗುರುತಿಲ್ಲದ ಅಕೌಂಟಿನಿಂದ ಒಂದು ಮೆಸೇಜ್. "ಮೇಡಂ, ಕಲ್ಲು ಕೊಡೋದಿದ್ರೆ ನಲವತ್ತು ಸಾವಿರ. ಗಾಡಿ ನಮ್ದೇ, ರಾತ್ರಿ ಬರ್ತೀವಿ. ಹಳೇ ದಂತದ ಸಾಮಾನು ಇದ್ರೂ ತಗೋತೀವಿ."

ಸುಳ್ಳು ಹೇಳಲ್ಲ, ನಾನು ಬ್ಲಾಕ್ ಮಾಡಲಿಲ್ಲ. ಸ್ಕಾಲರ್‌ಶಿಪ್ ಬಂದಿರಲಿಲ್ಲ, ಫೀಸಿಗೆ ಕೊನೇ ತಾರೀಖು ಹತ್ರ ಇತ್ತು, ಅಪ್ಪನ ಗೋವಿನಜೋಳ ಇನ್ನೂ ಹೊಲದಲ್ಲೇ ಇತ್ತು. ಬಿಕಾಂ ಓದೋರ ತಲೆ ನಿಮಗೆ ಗೊತ್ತಲ್ಲ. ಎಂಟುನೂರು ವರ್ಷದ ಅಸೆಟ್, ಡೆಪ್ರಿಸಿಯೇಷನ್ ಕಳೆದ್ರೆ ಬುಕ್ ವ್ಯಾಲ್ಯೂ ಸೊನ್ನೆ, ನಲವತ್ತು ಸಾವಿರ ಪೂರಾ ಲಾಭ! ಕಾಕಾಗೆ ತೋರಿಸಿದೆ. "ಬಟ್ಟಿ ಒಗಿಯೋ ಕಲ್ಲಿಗೆ ಇಷ್ಟು ಕೊಡ್ತಾರಂದ್ರ ಕೊಟ್ಬಿಡು" ಅಂದ.

ಆ ರಾತ್ರಿ ರೇಟು ಹುಡುಕೋಕೆ ಕೂತೋಳು ಮ್ಯೂಸಿಯಂ ವೆಬ್‌ಸೈಟುಗಳಲ್ಲಿ ಕಳೆದುಹೋದೆ. ಕಲ್ಲಿಗಿಂತ ದಂತ ಬಹಳ ದೂರ ತಿರುಗೈತಿ. ಇಟಲಿಯ ಪಾಂಪೆ ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಲ್ಲಿ ಮುಚ್ಚಿಹೋಯ್ತಲ್ಲ, ಅಲ್ಲಿ 1938ರಲ್ಲಿ ಒಂದು ಪುಟ್ಟ ದಂತದ ಹೆಣ್ಣುಮೂರ್ತಿ ಸಿಕ್ತು. ಮೊಣಕೈ ತನಕ ಬಳೆ, ಸೊಂಟಕ್ಕೆ ಪಟ್ಟಿ. ನಮ್ಮ ದೇಶದ್ದು! ಲಕ್ಷ್ಮಿ ಅಂತ ಹೆಸರಿಟ್ರು, ಆಮೇಲೆ ಯಕ್ಷಿ ಇರಬೇಕು ಅಂದ್ರು. ಈಗ ನೇಪಲ್ಸ್ ಮ್ಯೂಸಿಯಂನಲ್ಲಿದ್ದಾಳೆ. ಅವಳು ವ್ಯಾಪಾರಿಗಳ ಜೊತೆ ಹೋದೋಳು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿರೋ ಬೆನಿನ್ ರಾಜಮಾತೆಯ ದಂತದ ಮುಖವಾಡ ಹಂಗಲ್ಲ. 1897ರಲ್ಲಿ ಬ್ರಿಟಿಷ್ ಸೈನ್ಯ ಆಫ್ರಿಕಾದ ಆ ರಾಜ್ಯದ ಮೇಲೆ ದಂಡೆತ್ತಿ ಹೋಗಿ ಅರಮನೆಯಿಂದ ಹೊತ್ಕೊಂಡು ಬಂದಿದ್ದು. ಮುಖ ಎಷ್ಟು ಶಾಂತ ಐತಿ ಅಂದ್ರೆ, ಲೂಟಿಯ ಕಥೆ ಓದಿ ಮತ್ತೆ ಆ ಮುಖ ನೋಡೋಕೆ ಆಗಲ್ಲ. (ಸವಣೂರಿನೋರು ಕೇಳ್ರಿ: ನಿಮ್ಮ ದೊಡ್ಡಹುಣಸೆ ಮರಗಳೂ ಮೂಲದಲ್ಲಿ ಆಫ್ರಿಕಾದವೇ. ಅವು ಮಾತ್ರ ಇಲ್ಲಿ ಆರಾಮ ಅದಾವು.)

ಇನ್ನೊಂದು ಸಿಕ್ತು. ಸಾಂಚಿಯ ದಕ್ಷಿಣ ದ್ವಾರದ ಮೇಲೆ, ಈ ಕೆತ್ತನೆ ವಿದಿಶೆಯ ದಂತದ ಕೆಲಸದವರು ಮಾಡಿದ್ದು ಅಂತ ಶಾಸನ ಐತಿ. ಕೈಯಗಲದ ದಂತ ಕೆತ್ತೋ ಕೈಗಳೇ ಅಷ್ಟು ದೊಡ್ಡ ಕಲ್ಲನ್ನೂ ಕೆತ್ತಿದ್ವು. ತಾರಕೇಶ್ವರದ ತಾವರೆ ಛಾವಣಿ ಕೆಳಗೆ ಕತ್ತು ನೋಯೋತನಕ ನಿಂತವರಿಗೆ ಇದು ತಿಳೀತದೆ. ನಮ್ಮ ಕಡೆ ಗುಡಿಗಳ ಬಳಪದ ಕಲ್ಲು ಮೆತ್ತಗಿರ್ತದೆ, ಅದಕ್ಕೇ ದಂತದಷ್ಟು ಸಣ್ಣ ಕೆಲಸ ತಡ್ಕೊಳ್ತದೆ.

ಆದ್ರೆ ನನ್ನನ್ನ ನಿಲ್ಲಿಸಿದ್ದು ಇವ್ಯಾವೂ ಅಲ್ಲ, ಒಂದು ನಾಯಿ. ಮಂಡ್ಯ ಜಿಲ್ಲೆ ಆತಕೂರಿನ ಕಲ್ಲು ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿ ಐತಿ. ಹತ್ತನೇ ಶತಮಾನದ್ದು. ಹಂದಿ ಜೊತೆ ಕಾದಾಡಿ ಸತ್ತ ಕಾಳಿ ಅನ್ನೋ ನಾಯಿಯ ನೆನಪಿಗೆ ನಿಲ್ಲಿಸಿದ್ದು. ನಾಯಿ ಹೆಸರು, ಯಜಮಾನ ಮಣಲೇರನ ಹೆಸರು, ಎಲ್ಲ ಅದರ ಮೇಲೆ ಬರೆದೈತಿ. ಹಂಗಾಗಿ ಆ ಕಲ್ಲು ಎಲ್ಲಿಗೆ ಹೋದ್ರೂ ಕಾಳಿ ಕಾಳಿನೇ. ನಮ್ಮ ಕಲ್ಲಿನವನಿಗೆ ಅದೂ ಇಲ್ಲ. ಅವನಿಗೆ ಇರೋದು ಊರು ಒಂದೇ. ರಾತ್ರಿ ಗಾಡಿಗೆ ಹಾಕಿ ಕಳಿಸಿದ್ರೆ ಯಾರದೋ ಫಾರ್ಮ್‌ಹೌಸ್ ಗಾರ್ಡನ್ನಿನಲ್ಲಿ ಲೈಟಿನ ಕೆಳಗೆ ಒಂದು ಶೋಪೀಸ್.

ಮರುದಿನ ಇತಿಹಾಸದ ಸರ್‌ಗೆ ಫೋನ್ ಮಾಡಿದೆ. ಸರ್ ಮೊದಲು ಬೈದ್ರು, ಆಮೇಲೆ ತಿಳಿಸಿದ್ರು. ನೂರು ವರ್ಷ ದಾಟಿದ ಇಂಥ ಶಿಲ್ಪ 1972ರ ಪುರಾತನ ವಸ್ತುಗಳ ಕಾಯ್ದೆಗೆ ಬರ್ತದೆ. ಲೈಸೆನ್ಸ್ ಇಲ್ಲದೆ ಅದರ ವ್ಯಾಪಾರ ಮಾಡಂಗಿಲ್ಲ, ದೇಶದ ಹೊರಗೆ ಸಾಗಿಸಿದ್ರೆ ಜೈಲು. ದಂತದ ವ್ಯಾಪಾರವಂತೂ ವನ್ಯಜೀವಿ ಕಾಯ್ದೆಯಲ್ಲಿ ಪೂರಾ ಬಂದ್. ಮೈಸೂರಿನ ಬೀಟೆ ಮರದ ಕುಸುರಿಯಲ್ಲೂ ಈಗ ದಂತದ ಬದಲು ಪ್ಲಾಸ್ಟಿಕ್ ಕೂರಿಸ್ತಾರೆ. "ಮೊದ್ಲು ಆ ಲೊಕೇಶನ್ ತೆಗಿಯವ್ವ, ಆಮೇಲೆ ಊರ ಹಿರೇರಿಗೆ ಹೇಳು" ಅಂದ್ರು.

ಸ್ಟೋರಿ ಹೈಲೈಟಿನಲ್ಲಿ ಇನ್ನೂ ಇತ್ತು. ತೆಗೆದೆ. ಮೆಸೇಜಿನ ಸ್ಕ್ರೀನ್‌ಶಾಟ್ ಇಟ್ಕೊಂಡು ಬ್ಲಾಕ್ ಮಾಡಿದೆ. ಅಪ್ಪಗೆ ಎಲ್ಲ ಹೇಳಿದೆ. ಅಪ್ಪ ಬೈಯಲಿಲ್ಲ, ಅದೇ ಹೆಚ್ಚು ಸಂಕಟ ಆಯ್ತು. "ಫೀಸಿಂದು ನನಗ ಕೇಳಬೇಕಿತ್ತು" ಅಂದ, ಅಷ್ಟೇ. ಸೊಸೈಟಿಯಲ್ಲಿ ಸಾಲ ತೆಗೆದು ಕಟ್ಟಿದ.

ಮೂರು ರಾತ್ರಿ ಕಾಕಾನೇ ಹಿತ್ತಲಲ್ಲಿ ಮಂಚ ಹಾಕ್ಕೊಂಡು ಮಲಗಿದ. ಕೊಟ್ಬಿಡು ಅಂದ ಅದೇ ಕಾಕಾ!

ಮ್ಯೂಸಿಯಂಗೆ ಕೊಡೋಣ ಅಂದೆ. ಹಿರಿಯರು ಒಪ್ಪಲಿಲ್ಲ, "ನಮ್ಮೂರಾಗ ಸತ್ತಾನ, ನಮ್ಮೂರಾಗ ಇರ್ಲಿ" ಅಂದ್ರು. ಟ್ರ್ಯಾಕ್ಟರಿನಲ್ಲಿ ಒಯ್ದು ಹಣಮಪ್ಪನ ಗುಡಿ ಪಕ್ಕ ಸಿಮೆಂಟ್ ಹಾಕಿ ನಿಲ್ಲಿಸಿದ್ರು. ಮೂರನೇ ಫೋಟೋ ನೋಡ್ರಿ. ಸಿಮೆಂಟ್ ಅರ್ಧ ಅಡಿ ಮೇಲೆ ಬಂದೈತಿ. ಕುದುರೆ ಕೆಳಗೆ ಬಿದ್ದವನು ಈಗ ಪೂರಾ ಮುಚ್ಚಿಹೋಗ್ಯಾನ. ಎಣ್ಣೆ, ಕುಂಕುಮ ಬೇರೆ. ಇದು ಸರಿಯಾಯ್ತು ಅಂತ ನನಗೆ ಪೂರ್ತಿ ಅನ್ನಿಸಲ್ಲ. ಮ್ಯೂಸಿಯಂನಲ್ಲಿದ್ರೆ ಅವನೂ ಕಾಣ್ತಿದ್ದ. ಅಲ್ಲಿ ಇಷ್ಟು ಜನ ದಿನಾ ಕೈ ಮುಗೀತಿರಲಿಲ್ಲ, ಅದೂ ನಿಜ.

ನಿಮ್ಮ ಹಿತ್ತಲಲ್ಲಿ, ಕೆರೆ ಏರಿ ಮೇಲೆ ಇಂಥ ಕಲ್ಲು ಕಂಡ್ರೆ ಫೋಟೋ ತೆಗೀರಿ, ಊರ ಹೆಸರು ಹಾಕಬ್ಯಾಡ್ರಿ. ನನಗೆ ಮೆಸೇಜ್ ಮಾಡ್ರಿ, ಸರ್ ಹತ್ರ ಕೇಳಿ ಹೇಳ್ತೀನಿ.

ಕೊನೇ ಫೋಟೋ ಅಜ್ಜಿದು. ಕಾಕಾ ಅವಳಿಗೆ ನುಣ್ಣಗೆ ಪಾಲಿಶ್ ಮಾಡಿದ ಗ್ರಾನೈಟ್ ತಂದು ಹಾಕ್ಯಾನ. ಬಟ್ಟೆ ಜಾರ್ತಾವಂತ ದಿನಾ ಅವನಿಗೆ ಬೈತಾಳೆ. ಒಗೆಯೋ ಮೊದಲು ಆ ಗ್ರಾನೈಟನ್ನೂ ಒಮ್ಮೆ ಬಗ್ಗಿ, ಕೆಳಗೆ ಕೈ ಹಾಕಿ ಸವರಿ ನೋಡಿದ್ಲಂತೆ.